ಆಪರೇಷನ್‌ಗೆ ಮೊದಲು, ಆಮೇಲೆ: ಅರಿವಳಿಕೆ ವೈದ್ಯರಿಗೆ ಏನೇನು ಹೇಳಬೇಕು?

ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಅರಿವಳಿಕೆಗೆ ‘ಭೂಲ್’ ಅನ್ನುತ್ತಾರೆ, ಅದನ್ನು ಕೊಡುವ ವೈದ್ಯರಿಗೆ ‘ಭೂಲತಜ್ಞ’. ಹಿಂದಿಯಲ್ಲಿ ಭೂಲ್ ಅಂದರೆ ತಪ್ಪು. ಫೈಲು ಹಿಡಿದು ಕೂತಿದ್ದ ಸಿಂದಗಿ ಕಡೆಯ ಅಜ್ಜ ಒಬ್ಬರು, ‘ನಾಳೆ ಭೂಲ್ ಡಾಕ್ಟರ್ ನೋಡ್ತಾರೆ’ ಅನ್ನುವ ಮಾತು ಕಿವಿಗೆ ಬಿದ್ದು, ‘ಏನೋ ತಪ್ಪು ಮಾಡ್ಯಾರಂತಪ್ಪಾ, ಲಗೂನ ಬಾ’ ಎಂದು ಊರಲ್ಲಿದ್ದ ಮಗನಿಗೆ ಫೋನ್ ಮಾಡಿದ್ದರು. ನಾನು ಅವರ ಪಕ್ಕ ಕೂತು, ‘ಅಜ್ಜಾರ, ನಿಮ್ಮನ್ನ ನೋವಿಲ್ಲದಂಗ ಮಲಗಸಾವ್ರು ಅವ್ರು’ ಎಂದು ಬಿಡಿಸಿ ಹೇಳಿದ ಮೇಲೆ ಅವರ ಕೈನಡುಕ ನಿಂತಿತು.

ನಾನು ಮುದ್ದೇಬಿಹಾಳ ಕಡೆಯವಳು. ಮುಂಬೈಯ ಆಪರೇಷನ್ ಥಿಯೇಟರುಗಳಲ್ಲಿ 27 ವರ್ಷ ನರ್ಸ್ ಆಗಿದ್ದು ಈಗ ಡೊಂಬಿವಲಿಯಲ್ಲಿದ್ದೇನೆ. ನಮ್ಮವರು ಯಾರಾದರೂ ಆಪರೇಷನ್ ಅಂದರೆ ಜೊತೆಗೆ ಹೋಗುತ್ತೇನೆ. ಸರ್ಜನ್ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅಷ್ಟು ಹೊತ್ತು ತಮ್ಮ ಉಸಿರು ಕಾಯುವವರು ಯಾರು, ಅವರಿಗೆ ತಾವು ಏನು ಹೇಳಬೇಕು ಎಂಬುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಇಲ್ಲಿ ಬರೆದಿರುವುದು ಅಷ್ಟನ್ನೇ, ಹಂತ ಹಂತವಾಗಿ. ಔಷಧದ ವಿಷಯದಲ್ಲಿ ನಾನು ಬರೆದದ್ದಕ್ಕಿಂತ ನಿಮ್ಮ ವೈದ್ಯರ ಮಾತೇ ದೊಡ್ಡದು.

1. ಅವರು ಯಾರು ಎಂದು ತಿಳಿದುಕೊಳ್ಳಿ

ಅರಿವಳಿಕೆ ವೈದ್ಯರು ಟೆಕ್ನಿಷಿಯನ್ ಅಲ್ಲ. ಎಂಬಿಬಿಎಸ್ ಮುಗಿಸಿ, ಆಮೇಲೆ ಅರಿವಳಿಕೆಯಲ್ಲೇ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದ ಪೂರ್ಣ ವೈದ್ಯರು. ಇಂಜೆಕ್ಷನ್ ಕೊಟ್ಟು ಹೊರಟುಹೋಗುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮೊದಲ ಸೂಜಿಯಿಂದ ನೀವು ಕಣ್ಣು ಬಿಟ್ಟು ಹೆಸರು ಹೇಳುವವರೆಗೂ ಅವರು ನಿಮ್ಮ ತಲೆಯ ಪಕ್ಕದಲ್ಲೇ ಇರುತ್ತಾರೆ. ಸರ್ಜನ್ ಕಣ್ಣು ಗಾಯದ ಮೇಲಿದ್ದರೆ ಇವರ ಕಣ್ಣು ಉಸಿರು, ನಾಡಿ, ರಕ್ತದೊತ್ತಡ, ಸುರಿದುಹೋದ ರಕ್ತ, ಮೈಯ ಬಿಸಿ, ಇವೆಲ್ಲದರ ಮೇಲೆ. ಐಸಿಯು ನೋಡಿಕೊಳ್ಳುವುದರಲ್ಲಿ, ಹೆರಿಗೆ ನೋವು ಇಳಿಸುವುದರಲ್ಲಿ, ಕ್ಯಾನ್ಸರ್ ನೋವಿನ ಚಿಕಿತ್ಸೆಯಲ್ಲೂ ಇವರೇ ಇರುತ್ತಾರೆ.

ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಅರಿವಳಿಕೆ ವೈದ್ಯರು ಹೊರಗಿನಿಂದ ಬರುವುದುಂಟು. ಅಂಥ ಕಡೆ ಎರಡು ಪ್ರಶ್ನೆ ಮೊದಲೇ ಕೇಳಿ: ಅವರನ್ನು ನಾನು ಯಾವಾಗ ಭೇಟಿಯಾಗಬಹುದು? ಅವರ ಫೀ ಪ್ಯಾಕೇಜಿನಲ್ಲಿ ಸೇರಿದೆಯೇ, ಬೇರೆಯೇ? ಇದರಲ್ಲಿ ಸಂಕೋಚ ಬೇಡ.

2. ಪಿಎಸಿಗೆ ಖಾಲಿ ಕೈಯಲ್ಲಿ ಹೋಗಬೇಡಿ

ಆಪರೇಷನ್‌ಗೆ ಮೊದಲು ಅರಿವಳಿಕೆ ವೈದ್ಯರು ಮಾಡುವ ತಪಾಸಣೆಗೆ ಆಸ್ಪತ್ರೆಯಲ್ಲಿ ಪಿಎಸಿ ಅನ್ನುತ್ತಾರೆ. ಕೆಲವೆಡೆ ಬರೀ ‘ಫಿಟ್‌ನೆಸ್’. ಹತ್ತೇ ನಿಮಿಷದಲ್ಲಿ ಮುಗಿದುಹೋಗಬಹುದು. ಆದರೆ ಅಷ್ಟೂ ವರ್ಷ ಥಿಯೇಟರಿನಲ್ಲಿ ನಾನು ಕಂಡ ಗಾಬರಿಗಳಲ್ಲಿ ಹೆಚ್ಚಿನವು ಆ ಹತ್ತು ನಿಮಿಷದಲ್ಲಿ ಯಾರೋ ಹೇಳದೆ ಬಿಟ್ಟ ಒಂದು ಮಾತಿನಿಂದಲೇ ಹುಟ್ಟಿದವು.

ಮಾತ್ರೆಗಳ ಹೆಸರು ನೆನಪಿಟ್ಟುಕೊಳ್ಳುವ ತಾಪತ್ರಯ ಬೇಡ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ಆಯುರ್ವೇದದ ಪುಡಿ, ಊರಿನ ಕಷಾಯ, ಮಂಡಿನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಗುಳಿಗೆ, ಎಲ್ಲವೂ ಆ ಚೀಲದಲ್ಲಿರಲಿ. ಹಳೆಯ ಇಸಿಜಿ, ಹಳೆಯ ಡಿಸ್ಚಾರ್ಜ್ ಕಾರ್ಡ್ ಕೂಡ.

ಇನ್ನು ಕೇಳದಿದ್ದರೂ ನೀವಾಗಿ ಹೇಳಬೇಕಾದವು. ದಮ್ಮು ಇದೆಯೇ? ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ? ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತೆ ಆಗುತ್ತದೆಯೇ? ಕೊನೆಯದನ್ನು ಪಕ್ಕದಲ್ಲಿ ಮಲಗುವವರೇ ಹೇಳಬೇಕು, ಅದಕ್ಕೇ ಹೆಂಡತಿಯೋ ಗಂಡನೋ ಜೊತೆಗಿರುವುದು ಒಳ್ಳೆಯದು. ಯಾವ ಔಷಧಕ್ಕೆ ಮೈಮೇಲೆ ದದ್ದು ಎದ್ದಿತ್ತು? ಹಿಂದಿನ ಆಪರೇಷನ್ನಿನಲ್ಲಿ ಎಚ್ಚರವಾಗಲು ತಡವಾಗಿತ್ತೇ? ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ವಿಪರೀತ ಜ್ವರ ಬಂದಿತ್ತೇ, ಉಸಿರು ಮರಳಲು ಗಂಟೆಗಟ್ಟಲೆ ಹಿಡಿದಿತ್ತೇ?

ಈ ಕಡೆಯ ಪ್ರಶ್ನೆಗೆ ಕಾರಣವಿದೆ. ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಅದನ್ನು ಕರಗಿಸುವ ಕಿಣ್ವ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಉಸಿರಾಟದ ಶಕ್ತಿ ತಾಸುಗಟ್ಟಲೆ ಮರಳುವುದಿಲ್ಲ, ಅಲ್ಲಿಯವರೆಗೂ ವೆಂಟಿಲೇಟರಿನಲ್ಲಿ ಇಡಬೇಕಾಗುತ್ತದೆ. ನಮ್ಮ ದೇಶದಲ್ಲಿ ಆರ್ಯವೈಶ್ಯ ಸಮುದಾಯದಲ್ಲಿ ಇದು ಹೆಚ್ಚಾಗಿ ಕಂಡುಬಂದಿರುವುದನ್ನು ವೈದ್ಯರು ದಾಖಲಿಸಿದ್ದಾರೆ. ಮೊದಲೇ ಗೊತ್ತಿದ್ದರೆ ಬೇರೆ ಔಷಧ ಬಳಸಿದರಾಯಿತು.

3. ಗುಟ್ಕಾ, ಮಿಶ್ರಿ, ಕುಡಿತ: ಮುಚ್ಚಿಡಬೇಡಿ

ವೈದ್ಯರು ಮರಾಠಿಯಲ್ಲಿ ‘ತೋಂಡ್ ಉಘಡಾ, ಜೀಭ್ ಬಾಹೇರ್ ಕಾಢಾ’ ಎಂದರೆ ಬಾಯಿ ತೆರೆದು ನಾಲಿಗೆ ಚಾಚಿ. ಪೂರ್ಣ ನಿದ್ರೆಯಲ್ಲಿ ಗಂಟಲಿನ ಮೂಲಕ ಶ್ವಾಸನಾಳಕ್ಕೆ ಒಂದು ನಳಿಕೆ ಹಾಕಬೇಕಾಗುತ್ತದೆ. ಅದು ಎಷ್ಟು ಸಲೀಸಾಗಿ ಹೋಗುತ್ತದೆ ಎಂಬ ಅಂದಾಜಿಗಾಗಿ ಈ ನೋಟ.

ನಿಮ್ಮದೇ ಮೂರು ಬೆರಳನ್ನು ಒಂದರ ಕೆಳಗೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಅದನ್ನು ಹೇಳಲೇಬೇಕು. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಜಗಿದವರ ಕೆನ್ನೆಯ ಒಳಪದರ ಬಿಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. ಗೋವಾದ ಝುವಾರಿನಗರದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಉತ್ತರ ಕರ್ನಾಟಕದ ಹುಡುಗರಲ್ಲಿ, ಮೂವತ್ತು ದಾಟುವ ಮೊದಲೇ ಹೀಗಾದವರನ್ನು ಕಂಡು ನನಗೆ ಹೊಟ್ಟೆ ಕಿವುಚಿದಂತಾಗಿದೆ. ಮೊದಲೇ ತಿಳಿದರೆ ಎಚ್ಚರದಲ್ಲಿರುವಾಗಲೇ ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಸಹಾಯದಿಂದ ನಳಿಕೆ ಹಾಕುವ ಏರ್ಪಾಡು ಮಾಡುತ್ತಾರೆ. ನಿದ್ರೆ ಬರಿಸಿದ ಮೇಲೆ ಗೊತ್ತಾದರೆ ಅದು ಜೀವದ ಪ್ರಶ್ನೆ.

ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮ ಹೆಂಗಸರಲ್ಲಿ ಕೆಲವರು ಹಲ್ಲಿಗೆ ಮಿಶ್ರಿ ಹಚ್ಚುತ್ತಾರೆ. ಅದು ಸುಟ್ಟ ತಂಬಾಕು. ‘ತಂಬಾಕು ತಿಂತೀರಾ?’ ಎಂದರೆ ಅವರು ಇಲ್ಲ ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಅದು ಹಲ್ಲುಪುಡಿ. ಬೀಡಿ ಸಿಗರೇಟು ಸೇದುವವರು ಆಪರೇಷನ್ ಗೊತ್ತಾದ ದಿನವೇ ನಿಲ್ಲಿಸಿ. ನಾಲ್ಕು ವಾರ ಸಿಕ್ಕರೆ ಶ್ವಾಸಕೋಶಕ್ಕೂ ಗಾಯ ಮಾಯುವುದಕ್ಕೂ ಒಳ್ಳೆಯದು; ಒಂದೇ ದಿನ ಬಿಟ್ಟರೂ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ. ದಿನಾ ಫೆನಿಯೋ ಬೇರೆ ಏನೋ ಕುಡಿಯುವ ಅಭ್ಯಾಸವಿದ್ದರೆ ಎಷ್ಟು ಎಂದು ಸರಿಯಾಗಿ ಹೇಳಿ. ಕುಡಿತ ಒಮ್ಮೆಲೇ ನಿಂತಾಗ ಎರಡು ಮೂರನೆಯ ದಿನ ನಡುಕ, ಭ್ರಮೆ, ಫಿಟ್ಸ್ ಬರಬಹುದು. ಹೆಂಡತಿ ಮಕ್ಕಳ ಎದುರು ಹೇಳಲಾಗದಿದ್ದರೆ ‘ಡಾಕ್ಟರೊಡನೆ ಒಬ್ಬನೇ ಮಾತಾಡಬೇಕು’ ಎಂದು ಕೇಳಿ, ಮನೆಯವರನ್ನು ಹೊರಗೆ ಕಳಿಸುತ್ತಾರೆ. ಆಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಅದನ್ನೂ ಹೇಳಿ.

4. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಬೇಡ

ಇದನ್ನು ಬರೆಸಿಕೊಂಡೇ ಬನ್ನಿ. ‘ಆಪರೇಷನ್ ಇದೆ’ ಎಂದು ಎಲ್ಲ ಮಾತ್ರೆ ತಾವಾಗಿ ನಿಲ್ಲಿಸುವವರಿದ್ದಾರೆ, ಅದು ತಪ್ಪು. ಥೈರಾಯ್ಡ್ ಮಾತ್ರೆ, ದಮ್ಮಿನ ಪಂಪು, ಫಿಟ್ಸ್ ಮಾತ್ರೆ, ಹೃದಯಕ್ಕೆ ಕೊಟ್ಟ ಮೆಟೊಪ್ರೊಲಾಲ್‌ನಂಥವು ಸಾಮಾನ್ಯವಾಗಿ ಅದೇ ದಿನ ಬೆಳಗ್ಗೆಯೂ ಒಂದು ಗುಟುಕು ನೀರಿನೊಡನೆ ಮುಂದುವರಿಯುತ್ತವೆ. ಬಿಪಿಯ ಕೆಲವು ಮಾತ್ರೆಗಳನ್ನು ಮಾತ್ರ ಆ ದಿನ ಬಿಡಿಸುತ್ತಾರೆ.

ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಸಾಮಾನ್ಯವಾಗಿ 3 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ರಕ್ತ ತೆಳುವಾಗಿಸುವ ಕ್ಲೊಪಿಡೋಗ್ರೆಲ್ ಇದ್ದರೆ 5ರಿಂದ 7 ದಿನ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದವರು ಅದನ್ನು ತಾವಾಗಿ ಒಂದು ದಿನವೂ ಬಿಡಕೂಡದು, ಹೃದಯದ ಡಾಕ್ಟರು ಮತ್ತು ಅರಿವಳಿಕೆ ಡಾಕ್ಟರು ಮಾತಾಡಿಕೊಂಡು ದಿನ ಗೊತ್ತುಮಾಡಬೇಕು.

5. ಖಾಲಿ ಹೊಟ್ಟೆ ಅಂದರೆ ಏಕಾದಶಿಯ ಉಪವಾಸ ಅಲ್ಲ

ನಮ್ಮ ಅತ್ತೆಯ ಪಿತ್ತಕೋಶದ ಆಪರೇಷನ್ ಒಂದು ದಿನ ಮುಂದಕ್ಕೆ ಹೋದದ್ದು ಸಾಬೂದಾಣಿ ಖಿಚಡಿಯಿಂದ. ಹಿಂದಿನ ಸಂಜೆ ಸಿಸ್ಟರ್ ‘ಉದ್ಯಾ ಉಪಾಶೀ ಯಾ’ ಅಂದಿದ್ದರು, ನಾಳೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ. ಅತ್ತೆಗೆ ಅದು ಉಪವಾಸ ಎಂದು ಕೇಳಿಸಿತು. ಐವತ್ತು ವರ್ಷ ಈ ನಾಡಿನಲ್ಲಿ ಏಕಾದಶಿ ಮಾಡಿದವರು, ಉಪವಾಸಕ್ಕೆ ಸಾಬೂದಾಣಿ ನಡೆಯುತ್ತದೆ ಎಂದು ಬೆಳಗ್ಗೆ ಎದ್ದು ಒಂದು ಬಟ್ಟಲು ತಿಂದೇ ಬಂದರು. ‘ಕಾಹೀ ಖಾಲ್ಲಂ ಕಾ?’, ಏನಾದರೂ ತಿಂದಿರಾ ಎಂದು ಕೇಳಿದಾಗ ನಿಜ ಹೇಳಿದರು, ಅದೇ ನಮ್ಮ ಪುಣ್ಯ. ಬೈಗುಳದ ಹೆದರಿಕೆಗೆ ‘ಇಲ್ಲ’ ಅಂದಿದ್ದರೆ?

ಅರಿವಳಿಕೆಯಲ್ಲಿ ಕೆಮ್ಮುವ, ನುಂಗುವ ರಕ್ಷಣೆ ಇರುವುದಿಲ್ಲ. ಹೊಟ್ಟೆಯಲ್ಲಿದ್ದ ಅನ್ನ ಆಮ್ಲದ ಸಮೇತ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಬರಬಹುದು. ಲೆಕ್ಕ ಹೀಗೆ: ಎಣ್ಣೆ ಪದಾರ್ಥ, ಮಾಂಸ, ಹೊಟ್ಟೆತುಂಬ ಊಟ ಆದರೆ 8 ಗಂಟೆ, ಇಡ್ಲಿ, ಬ್ರೆಡ್ಡಿನಂಥ ಹಗುರ ತಿಂಡಿ ಅಥವಾ ಹಾಲು ಆದರೆ 6, ಕೂಸಿಗೆ ತಾಯಿಹಾಲು 4, ಬರೀ ನೀರು, ಹಾಲಿಲ್ಲದ ಚಹಾ 2. ಹಾಲು ಬೆರೆಸಿದ ಚಹಾ ಹಾಲಿನ ಲೆಕ್ಕಕ್ಕೇ ಹೋಗುತ್ತದೆ, ಅರ್ಧ ಕಪ್ಪಾದರೂ ಸರಿ. ನಿಮ್ಮ ಆಸ್ಪತ್ರೆ ಬೇರೆ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ. ಹಾಗೆಂದು ಹಿಂದಿನ ಸಂಜೆಯಿಂದಲೇ ನೀರನ್ನೂ ಬಿಟ್ಟು ಬಾಯಿ ಒಣಗಿಸಿಕೊಳ್ಳುವುದೂ ಬೇಡ, ವಯಸ್ಸಾದವರಿಗೆ ಬಿಪಿ ಬಿದ್ದುಹೋಗುತ್ತದೆ. ‘ನೀರು ಎಷ್ಟು ಗಂಟೆಯವರೆಗೆ ಕುಡಿಯಬಹುದು?’ ಎಂದು ಬೇರೆಯಾಗಿ ಕೇಳಿ. ಮಗುವಿನ ಆಪರೇಷನ್ ಆದರೆ, ಯಾರೂ ಪ್ರೀತಿಯಿಂದ ಬಿಸ್ಕತ್ತು ಕೊಡದಂತೆ ಅಜ್ಜಿ ತಾತಂದಿರಿಗೂ ಹೇಳಿಡಿ. ಮಗುವಿಗೆ ನೆಗಡಿ ಜ್ವರ ಇದ್ದರೆ ಆ ದಿನವೇ ಫೋನ್ ಮಾಡಿ ತಿಳಿಸಿ.

6. ಥಿಯೇಟರಿಗೆ ಹೋಗುವ ಬೆಳಗ್ಗೆ

ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ರಕ್ತದ ಆಮ್ಲಜನಕ ಅಳೆಯುತ್ತದೆ. ಗಾಢ ಬಣ್ಣದ ನೇಲ್ ಪಾಲಿಶ್, ದಟ್ಟ ಮೆಹಂದಿ ಅದರ ಓದನ್ನು ಕೆಡಿಸಬಹುದು. ಲಿಪ್‌ಸ್ಟಿಕ್ ಬೇಡ, ತುಟಿಯ ಬಣ್ಣವನ್ನೂ ಅವರು ನೋಡುತ್ತಿರುತ್ತಾರೆ. ಕಾಂಟ್ಯಾಕ್ಟ್ ಲೆನ್ಸ್, ಕಟ್ಟಿಸಿದ ಹಲ್ಲು ತೆಗೆದು ಜೊತೆಯವರಿಗೆ ಕೊಡಿ.

ತಾಳಿ ತೆಗೆಯಬೇಕು ಎಂದಾಗ ಕಣ್ಣೀರಿಟ್ಟ ಎಷ್ಟೋ ಅಕ್ಕಂದಿರ ಕೈ ಹಿಡಿದಿದ್ದೇನೆ. ಸರ್ಜನ್ ಬಳಸುವ ವಿದ್ಯುತ್ ಉಪಕರಣದಿಂದ ಲೋಹವಿದ್ದಲ್ಲಿ ಸುಡುವ ಭಯವಿರುತ್ತದೆ, ಕುತ್ತಿಗೆಯ ಹತ್ತಿರ ಅವಸರದಲ್ಲಿ ಕೆಲಸ ಮಾಡಬೇಕಾಗಿಯೂ ಬರಬಹುದು. ಗಂಡನ ಕೈಗೋ ಅಮ್ಮನ ಕೈಗೋ ಕೊಟ್ಟು ಹೋಗಿ. ಬೇಕಾದರೆ ಅರಿಸಿನದ ದಾರವೊಂದನ್ನು ಕಟ್ಟಿಕೊಳ್ಳಬಹುದೇ ಎಂದು ಕೇಳಿ, ಒಪ್ಪಿದ ಕಡೆಗಳೂ ಇವೆ.

7. ಯಾವ ಬಗೆಯ ಅರಿವಳಿಕೆ ಎಂದು ಕೇಳಿ

ಸಣ್ಣ ಗಂಟು ತೆಗೆಯಲು ಆ ಜಾಗಕ್ಕಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಕೈ ಮೂಳೆಯ ಆಪರೇಷನ್‌ಗೆ ಭುಜದ ಹತ್ತಿರ ಸೋನೊಗ್ರಫಿ ನೋಡುತ್ತಾ ನರದ ಸುತ್ತ ಔಷಧ ಹಾಕಿದರೆ ಆ ಕೈ ಮಾತ್ರ ಜೋಮು ಹಿಡಿಯುತ್ತದೆ, ಇದಕ್ಕೆ ಬ್ಲಾಕ್ ಅನ್ನುತ್ತಾರೆ.

ಸಿಸೇರಿಯನ್, ಹರ್ನಿಯಾ, ಮಂಡಿ, ತೊಡೆಮೂಳೆಗೆ ಹೆಚ್ಚಾಗಿ ಬೆನ್ನಿನ ಇಂಜೆಕ್ಷನ್. ಇದರ ಬಗ್ಗೆ ಇರುವಷ್ಟು ಹೆದರಿಕೆ ಇನ್ನಾವುದಕ್ಕೂ ಇಲ್ಲ. ‘ಸೂಜಿ ಬೆನ್ನುಹುರಿಗೆ ತಾಗಿ ಕಾಲು ಹೋಗುತ್ತದೆ’ ಅನ್ನುತ್ತಾರೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎಲುಬಿನ ಸುಮಾರಿಗೆ ಮುಗಿದುಹೋಗುತ್ತದೆ. ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರು ನಾಲ್ಕನೆಯ ಎಲುಬುಗಳ ನಡುವೆ. ‘ಪಾಠ್ ವಾಕವಾ, ಹಲೂ ನಕಾ’ ಅಂದರೆ ಬೆನ್ನು ಬಾಗಿಸಿ, ಅಲ್ಲಾಡಬೇಡಿ. ಗದ್ದ ಎದೆಗೆ ತಾಗಿಸಿ, ಹೆಗಲು ಸಡಿಲ ಬಿಟ್ಟು, ಬೆನ್ನನ್ನು ಬಿಲ್ಲಿನಂತೆ ಹೊರಗೆ ಉಬ್ಬಿಸಿ. ನೀವು ಎಷ್ಟು ಚೆನ್ನಾಗಿ ಬಾಗುತ್ತೀರೋ ಅಷ್ಟು ಬೇಗ ಮುಗಿಯುತ್ತದೆ. ಕಾಲು ಬಿಸಿಯಾಗಿ ಭಾರವಾಗುತ್ತದೆ. ಒಂದೆರಡು ತಾಸಿನಿಂದ ನಾಲ್ಕು ತಾಸಿನೊಳಗೆ ಸಾಮಾನ್ಯವಾಗಿ ಮರಳುತ್ತದೆ. ಆಪರೇಷನ್ ನಡೆಯುವಾಗ ಮುಟ್ಟಿದ್ದು, ಎಳೆದದ್ದು ಗೊತ್ತಾಗಬಹುದು. ನೋವು ಗೊತ್ತಾದರೆ ಕೂಡಲೇ ಹೇಳಿ, ಅವರು ತಲೆಯ ಬಳಿಯೇ ಇದ್ದಾರೆ. ಸಿಸೇರಿಯನ್ ಆದ ವರ್ಷಗಳ ಮೇಲೂ ಬೆನ್ನುನೋವನ್ನು ಆ ಇಂಜೆಕ್ಷನ್ ಮೇಲೆ ಹಾಕುವ ರೂಢಿಯಿದೆ. ಸೂಜಿ ಹೋದ ಜಾಗ ಕೆಲವು ದಿನ ನೋಯಬಹುದು, ನಿಜ. ವರ್ಷಗಟ್ಟಲೆ ಉಳಿಯುವ ನೋವಿಗೆ ಬಸಿರಿನ ಭಾರ, ಕೂಸನ್ನು ಎತ್ತಿ ಬಾಗುವುದು, ಸೋತ ಸ್ನಾಯು ಇಂಥ ಬೇರೆ ಕಾರಣಗಳೇ ಹೆಚ್ಚು.

ದೊಡ್ಡ ಹೊಟ್ಟೆಯ, ಎದೆಯ, ತಲೆಯ ಆಪರೇಷನ್‌ಗೆ ಪೂರ್ಣ ನಿದ್ರೆ. ಮುಖಕ್ಕೆ ಮಾಸ್ಕ್ ಹಿಡಿದು ಕೆಲವು ನಿಮಿಷ ಆಮ್ಲಜನಕ ಕೊಡುತ್ತಾರೆ. ‘ಲಾಂಬ್ ಶ್ವಾಸ್ ಘ್ಯಾ’ ಅಂದರೆ ದೀರ್ಘವಾಗಿ ಉಸಿರೆಳೆದುಕೊಳ್ಳಿ. ಆಮೇಲೆ ಸಲೈನಿನಲ್ಲಿ ಹಾಲಿನಂತೆ ಬೆಳ್ಳಗಿನ ಪ್ರೊಪೊಫೋಲ್ ಬರುತ್ತದೆ, ಕೈ ಸ್ವಲ್ಪ ಉರಿಯುತ್ತದೆ, ಅರ್ಧ ನಿಮಿಷದ ಸುಮಾರಿಗೆ ನಿದ್ರೆ. ನಡುವೆ ಎಚ್ಚರವಾದರೆ ಎಂಬ ಭಯ ಎಲ್ಲರಿಗೂ ಇರುತ್ತದೆ. ಬ್ರಿಟನ್ನಿನಲ್ಲಿ 2014ರಲ್ಲಿ ಹೊರಬಂದ ದೊಡ್ಡ ಸಮೀಕ್ಷೆಯೊಂದರಲ್ಲಿ, ಹಾಗಾಯಿತೆಂದು ರೋಗಿಗಳೇ ಹೇಳಿದ್ದು ಸುಮಾರು 19,000ಕ್ಕೆ ಒಂದರಂತೆ. ಹಿಂದೆ ನಿಮಗೆ ಹಾಗಾಗಿದ್ದರೆ ಪಿಎಸಿಯಲ್ಲೇ ಹೇಳಿ.

8. ಎಚ್ಚರವಾದ ಮೇಲೆ, ಮುಖ್ಯವಾಗಿ ವಯಸ್ಸಾದವರಿಗೆ

ನಡುಕ, ಗಂಟಲು ಕೆರೆತ, ವಾಕರಿಕೆ, ಇವು ಬಂದು ಹೋಗುವಂಥವು, ಹೇಳಿದರೆ ಔಷಧವಿದೆ. ಬೆನ್ನಿನ ಇಂಜೆಕ್ಷನ್ ಆದ ಒಂದು ಮೂರು ದಿನದೊಳಗೆ, ಎದ್ದು ಕೂತರೆ ತಲೆ ಸಿಡಿದು ಮಲಗಿದರೆ ಇಳಿಯುವ ತಲೆನೋವು ಬಂದರೆ ಅರಿವಳಿಕೆ ವೈದ್ಯರನ್ನೇ ಕರೆಸಿ. ಅದು ಅವರ ವಿಷಯ, ಚಿಕಿತ್ಸೆಯೂ ಅವರಲ್ಲಿದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಎಪ್ಪತ್ತು ದಾಟಿದವರಿಗೆ ಆಪರೇಷನ್ ಆದ ರಾತ್ರಿ ಕೆಲವೊಮ್ಮೆ ಮನಸ್ಸು ಕಲಸಿಹೋಗುತ್ತದೆ. ‘ಇದು ಯಾವ ಊರು’ ಅನ್ನುತ್ತಾರೆ, ಸಲೈನ್ ಕಿತ್ತುಹಾಕುತ್ತಾರೆ, ಸತ್ತುಹೋದ ಅಕ್ಕನನ್ನು ಕರೆಯುತ್ತಾರೆ. ಸುತ್ತ ಮರಾಠಿ, ಹಿಂದಿ, ಕೊಂಕಣಿ ಮಾತ್ರ ಕೇಳುವ ವಾರ್ಡಿನಲ್ಲಿ ಕನ್ನಡವೊಂದೇ ಬಲ್ಲ ಅಜ್ಜಿಯ ಗತಿ ಯೋಚಿಸಿ. ರಿಕವರಿ ಕೋಣೆಯಲ್ಲೇ ಅವರ ಕನ್ನಡಕ, ಕಿವಿಯ ಮೆಷೀನು ಹಾಕಿಕೊಡಿ. ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿರಲು ಬಿಡಿ ಎಂದು ವೈದ್ಯರನ್ನು ಕೇಳಿ. ‘ಅವ್ವಾ, ನಾವು ಮುಂಬೈಯೊಳಗ ದವಾಖಾನಿಯಾಗ ಅದೀವಿ, ಆಪರೇಷನ್ ಮುಗೀತು, ಈಗ ಮುಂಜಾನಿ ಏಳು ಗಂಟೆ’ ಎಂದು ಮೆಲ್ಲಗೆ ಮತ್ತೆ ಮತ್ತೆ ಹೇಳುತ್ತಿರಿ. ಹಾಗೆ ಹೇಳುತ್ತ ಕೂತ ಮಗಳ ಮುಖ ನೋಡುತ್ತ ನೋಡುತ್ತ ಒಬ್ಬ ತಾಯಿ ಶಾಂತರಾದದ್ದನ್ನು ನಾನು ಮರೆತಿಲ್ಲ. ‘ಹುಚ್ಚು ಹಿಡಿಯಿತು’ ಎಂದು ಯಾರೂ ಅನ್ನಬೇಡಿ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ. ಆದರೆ ವೈದ್ಯರಿಗೆ ತಿಳಿಸಲೇಬೇಕು, ಸೋಂಕು, ಮೂತ್ರ ಕಟ್ಟಿರುವುದು, ನೋವು ಇವೂ ಕಾರಣವಿರಬಹುದು.

9. ನೋವನ್ನು ಹಲ್ಲು ಕಚ್ಚಿ ತಡೆಯಬೇಡಿ

‘ಎಷ್ಟು ನೋವೈತಿ ಕಾಕಾ?’ ಎಂದರೆ ‘ಇರ್ಲಿ ಬಿಡವ್ವಾ, ತಡ್ಕೋತೀನಿ’ ಅನ್ನುವುದು ನಮ್ಮವರ ಗುಣ. ಹೊಟ್ಟೆ ಕೊಯ್ದ ಮೇಲೆ ನೋವಿಗೆ ಹೆದರಿ ಉಸಿರನ್ನು ಪೂರ್ತಿ ಎಳೆಯದಿದ್ದರೆ ಕಫ ನಿಂತು ನ್ಯುಮೋನಿಯಾ ಆಗಬಹುದು. ಎದ್ದು ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ನೋವು ಇಳಿಸುವುದು ಸುಖಕ್ಕಾಗಿ ಮಾತ್ರವಲ್ಲ, ಗುಣವಾಗುವುದಕ್ಕಾಗಿ.

‘ದಹಾಪೈಕೀ ಕಿತೀ?’ ಎಂದು ಕೇಳುತ್ತಾರೆ, ಹತ್ತರಲ್ಲಿ ಎಷ್ಟು ನೋವು ಅಂತ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ್ದು. ಮಲಗಿದಾಗ ಎಷ್ಟು, ಕೆಮ್ಮಿದಾಗ ಎಷ್ಟು, ಎರಡನ್ನೂ ಹೇಳಿ. ನೋವಿನ ಬಗೆಯನ್ನೂ ಹೇಳಿ. ಚುಚ್ಚುತ್ತದೆಯೋ, ಹಿಂಡುತ್ತದೆಯೋ, ಸೆಳೆಯುತ್ತದೆಯೋ, ಉರಿಯುತ್ತದೆಯೋ, ಕರೆಂಟು ಹೊಡೆದಂತೆ ಜುಮ್ಮೆನ್ನುತ್ತದೆಯೋ? ಕಡೆಯ ಎರಡು ಹೆಚ್ಚಾಗಿ ನರದ ನೋವಿನ ಗುರುತು. ಅದಕ್ಕೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಔಷಧವೇ ಬೇರೆ. ಜೊತೆಗಿರುವವರು ಇದನ್ನೆಲ್ಲ ‘ಬಹುತ್ ದರ್ದ್ ಹೈ’ ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ಉರಿಗೆ ಮರಾಠಿಯಲ್ಲಿ ‘ಜಳಜಳ’, ಚುಚ್ಚುವುದಕ್ಕೆ ‘ಟೋಚತಂಯ್’ ಅನ್ನಬಹುದು.

ಗುಂಡಿ ಒತ್ತಿದರೆ ಔಷಧ ಬರುವ ಪಂಪು ಕೊಟ್ಟಿದ್ದರೆ ಅದನ್ನು ರೋಗಿಯೇ ಒತ್ತಬೇಕು. ನಿದ್ದೆಯಲ್ಲಿರುವವರ ಪರವಾಗಿ ಮನೆಯವರು ಒತ್ತಿದರೆ ಉಸಿರು ತಗ್ಗುವ ಅಪಾಯವಿದೆ. ಮನೆಗೆ ಬಂದ ಮೇಲೆ ಪ್ಯಾರಾಸಿಟಮಾಲ್ ಲೆಕ್ಕ ಇಡಿ. ಅಸಿಕ್ಲೊಫೆನಾಕ್, ಟ್ರಮಡಾಲ್ ಹೆಸರಿನ ಎಷ್ಟೋ ಮಾತ್ರೆಗಳ ಒಳಗೆ ಅದೂ ಸೇರಿರುತ್ತದೆ. ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು; ಲಿವರ್ ತೊಂದರೆ ಇದ್ದವರಿಗೆ, ತೀರ ಸಣಕಲು ಮೈಯವರಿಗೆ ಇನ್ನೂ ಕಡಿಮೆ. ಕಿಡ್ನಿ ತೊಂದರೆ ಇರುವವರು ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಾವೇ ತಂದು ನುಂಗಬಾರದು.

ಕ್ಯಾನ್ಸರ್ ನೋವಿಗೆ ಮಾರ್ಫಿನ್ ಎಂದರೆ ‘ಚಟ ಹತ್ತುತ್ತದೆ’, ‘ಇನ್ನು ಮುಗಿಯಿತು’ ಎಂದು ಮನೆಯವರು ಹಿಂಜರಿಯುತ್ತಾರೆ. ನೋವಿಗೆ ತಕ್ಕಂತೆ, ವೈದ್ಯರ ಲೆಕ್ಕದಲ್ಲಿ ಕೊಟ್ಟಾಗ ಆ ಭಯಕ್ಕೆ ಹೆಚ್ಚು ಆಧಾರವಿಲ್ಲ. ಮಲಬದ್ಧತೆ ಮಾತ್ರ ಬಂದೇ ಬರುತ್ತದೆ, ಅದರ ಔಷಧವನ್ನೂ ಅಂದೇ ಕೇಳಿ ಪಡೆಯಿರಿ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಹೆಸರಿನಲ್ಲೇ ‘ನೋವು’ ಎಂಬ ಮಾತು ಸೇರಿದೆ. ಬಾಂದ್ರಾದಲ್ಲಿ 1986ರಿಂದ, ಕಾಯಿಲೆ ಬಲಿತ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಶಾಂತಿ ಆವೇದನಾ ಸದನವಿದೆ, ಅದರ ಶಾಖೆ ಗೋವಾದಲ್ಲೂ ಇದೆ. ಪುಣೆಯ ವಾರ್ಜೆಯಲ್ಲಿ ಸಿಪ್ಲಾದ ಉಪಶಾಮಕ ಆರೈಕೆ (ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಸಂಕಟ ಇಳಿಸುವ ಆರೈಕೆ) ಕೇಂದ್ರವಿದೆ, ಅಲ್ಲಿ ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ.

10. ಮನೆಗೆ ಹೊರಡುವಾಗ

ಅದೇ ದಿನ ಮನೆಗೆ ಕಳಿಸಿದರೂ 24 ಗಂಟೆ ಗಾಡಿ ಓಡಿಸಬೇಡಿ, ಆಸ್ತಿಪಾಸ್ತಿ ಕಾಗದಕ್ಕೆ ಸಹಿ ಹಾಕಬೇಡಿ, ಜೊತೆಗೆ ಒಬ್ಬರಿರಲಿ. ಲೋಕಲ್ ಟ್ರೇನಿನ ನೂಕುನುಗ್ಗಲು ಅಂದು ಬೇಡವೇ ಬೇಡ, ಸಾಲ ಮಾಡಿಯಾದರೂ ರಿಕ್ಷಾ, ಟ್ಯಾಕ್ಸಿ ಹಿಡಿಯಿರಿ. ಆರೆಂಟು ತಾಸಾದರೂ ಮೂತ್ರ ಬರದಿದ್ದರೆ, ಜೋಮು ಹಿಡಿದ ಕಾಲಿಗೆ ಶಕ್ತಿ ಮರಳದಿದ್ದರೆ, ಮೀನಖಂಡ ಊದಿದರೆ, ಜ್ವರ ಬಂದರೆ ತಡಮಾಡದೆ ಫೋನ್ ಮಾಡಿ. ಉಸಿರಾಟಕ್ಕೆ ಕಷ್ಟವಾದರೆ ಫೋನಿಗೂ ಕಾಯದೆ ನೇರ ಆಸ್ಪತ್ರೆಗೆ ಹೋಗಿ.

ಇನ್ನೊಂದು ಕಾಗದವನ್ನು ಕೇಳಿ ಪಡೆಯಿರಿ. ನಳಿಕೆ ಹಾಕಲು ಕಷ್ಟವಾಯಿತೇ, ಯಾವ ಔಷಧಕ್ಕೆ ಅಲರ್ಜಿ ಕಂಡಿತು, ಎಚ್ಚರವಾಗಲು ತಡವಾಯಿತೇ ಎಂಬುದನ್ನು ಅರಿವಳಿಕೆ ವೈದ್ಯರ ಕೈಯಿಂದ ಡಿಸ್ಚಾರ್ಜ್ ಕಾರ್ಡಿನಲ್ಲೇ ಬರೆಸಿ. ಅದರ ಫೋಟೊ ತೆಗೆದು ಮನೆಯ ಎಲ್ಲರ ಮೊಬೈಲಿಗೂ ಕಳಿಸಿ, ಊರಲ್ಲಿರುವ ಅಣ್ಣ ತಮ್ಮಂದಿರಿಗೂ. ಮುಂದಿನ ಆಪರೇಷನ್ ವಿಜಯಪುರದಲ್ಲೋ ಮಣಿಪಾಲದಲ್ಲೋ ಆಗಬಹುದು, ಆಗ ಪಿಎಸಿ ಮಾಡುವ ವೈದ್ಯರು ಮೊದಲು ಕೇಳುವುದು ಅದನ್ನೇ.